ಓಟ ರಕ್ತದಲ್ಲೇ ಇದೆಯಂತೆ

ಕೇಳುಗರಿಗೆ ನಮಸ್ಕಾರ.

ಬೈದವರಿಗೆ ತಿರುಗಿ ಬೈಯಬಹುದು. ಹೊಗಳಿದವರಿಗೆ ಏನು ಹೇಳೋಣ? ‘ನೀವು ಆಫ್ರಿಕಾ ಮೂಲದವರಲ್ಲವೇ, ಓಟ ನಿಮ್ಮ ರಕ್ತದಲ್ಲೇ ಇದೆ’ ಎಂಬ ಮಾತನ್ನು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಬುಡಕಟ್ಟಿನ ಮಕ್ಕಳು ಕೇಳುತ್ತಲೇ ಬೆಳೆಯುತ್ತಾರೆ.

ಈ ಮಾತು ಒಮ್ಮೆ ಸರ್ಕಾರದ ಯೋಜನೆಯೇ ಆಗಿತ್ತು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಕ್ರೀಡಾ ವಸತಿನಿಲಯಗಳಿಗೆ ಕರೆದೊಯ್ದಿತು. ಗುರಿ ಒಲಿಂಪಿಕ್ಸ್ ಪದಕ. ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು ಕೂಡ. ಆದರೆ 1993ರಲ್ಲಿ ಯೋಜನೆ ನಿಂತಿತು. ಎಷ್ಟೋ ಮಕ್ಕಳು ಮರಳಿ ಊರಿನ ಕೂಲಿಗೆ ಹೋದರು.

ಲೆಕ್ಕ ತಪ್ಪಿದ್ದು ಬುಡದಲ್ಲೇ. ದೂರದ ಓಟದಲ್ಲಿ ಹೆಸರು ಮಾಡಿದವರು ಬಹುಪಾಲು ಕೀನ್ಯಾ, ಇಥಿಯೋಪಿಯಾದ ಎತ್ತರದ ಸೀಮೆಯವರು. ಸಿದ್ದಿಗಳ ಹಿರಿಯರಾದರೋ ಹೆಚ್ಚಾಗಿ ಆಫ್ರಿಕಾದ ಆಗ್ನೇಯ ಕಡೆಯ, ಬಾಂಟು ಎಂಬ ಗುಂಪಿನ ಭಾಷೆಗಳನ್ನಾಡುವ ಜನ. ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಒಂದು ಇಡೀ ಖಂಡಕ್ಕೆ ಒಂದೇ ಕಾಲು ಅಂಟಿಸಿದ ಹಾಗಾಯಿತು.

ಹಾಗೆಂದು ಸಿದ್ದಿಗಳು ಮೂಲವನ್ನೇ ಅಲ್ಲಗಳೆಯುತ್ತಾರೆಯೇ? ಇಲ್ಲ. ತಮ್ಮ ಡಮಾಮಿ ಡೋಲು ಬಡಿದು ಕುಣಿಯುವಾಗ ಅದು ಹೆಮ್ಮೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿ ಎಂದು ಹೋರಾಡುವಾಗ, ತಾವು ಬೇರೆಯೇ ಬುಡಕಟ್ಟು ಎಂಬುದು ಅವರ ವಾದವೂ ಆಗಿತ್ತು. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಆ ಮನ್ನಣೆ ಸಿಕ್ಕಿತು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರು ಅವರಲ್ಲಿದ್ದಾರೆ. ಮೂಲದ ಮಾತು ಅವರಿಗೆ ಒಗ್ಗುತ್ತದೆ. ‘ಆದ್ದರಿಂದ ನೀನು ಇಂಥವನು’ ಎಂಬ ಮುಂದಿನ ವಾಕ್ಯ ಒಗ್ಗುವುದಿಲ್ಲ. ಹೊರಗಿನವರು ಈ ವ್ಯತ್ಯಾಸ ಹಿಡಿಯದೆ, ‘ಹೊಗಳಿದರೂ ಸಿಟ್ಟಾಗುತ್ತಾರಲ್ಲ’ ಎನ್ನುತ್ತಾರೆ. ಎದುರಿನವರು ಬಹಳ ಸಲ ನಕ್ಕು ಸುಮ್ಮನಾಗುತ್ತಾರೆ. ಆ ನಗುವನ್ನು ಒಪ್ಪಿಗೆ ಅಂದುಕೊಳ್ಳುವುದು ಎರಡನೇ ತಪ್ಪು.

ಹೊಗಳಿಕೆ ಭಾರವಾಗುವುದು ಹೇಗೆಂದು ಅಮೆರಿಕದಲ್ಲಿ ಸಪ್ನಾ ಚೆರಿಯನ್, ಗೇಲನ್ ಬೋಡೆನ್‌ಹೌಸನ್ 2000ರಲ್ಲಿ ತೋರಿಸಿದರು. ‘ಏಷ್ಯಾದವರು ಗಣಿತದಲ್ಲಿ ಚುರುಕು’ ಎಂಬುದು ಅಲ್ಲಿನ ನಂಬಿಕೆ. ಏಷ್ಯಾ ಮೂಲದ ವಿದ್ಯಾರ್ಥಿನಿಯರಿಗೆ ಪರೀಕ್ಷೆಗೆ ಮೊದಲು ಅವರ ಜನಾಂಗವನ್ನು ನೆನಪಿಸಿದರೆ ಗಮನ ಚದುರಿ, ಅಂಕ ಇಳಿಯಿತು. ಎಲ್ಲರ ನಿರೀಕ್ಷೆ ಹೊತ್ತು ಲೆಕ್ಕ ಮಾಡುವುದು ಸುಲಭವಲ್ಲ ನೋಡಿ.

ಆಟದ ಮೇಷ್ಟ್ರುಗಳು ಒಂದು ಕೆಲಸ ಮಾಡಬಹುದು. ತಂಡ ಆರಿಸುವ ಮೊದಲು ತರಗತಿಯ ಎಲ್ಲ ಮಕ್ಕಳನ್ನೂ ನೂರು ಮೀಟರ್ ಓಡಿಸಿ. ಒಂದೇ ದಿನವಲ್ಲ, ಎರಡು ಮೂರು ವಾರ ಬಿಟ್ಟು ಬಿಟ್ಟು. ಗಡಿಯಾರ ತೋರಿಸಿದ್ದನ್ನೇ ಪುಸ್ತಕದಲ್ಲಿ ಬರೆಯಿರಿ. ಸಿದ್ದಿ ಹುಡುಗಿ ಕೊನೆಯಲ್ಲಿ ಬಂದರೆ ‘ಅಯ್ಯೋ, ನೀನೂ ಹೀಗಾ?’ ಎನ್ನಬೇಡಿ. ಅವಳಿಗೆ ಚೆಸ್ ಬೋರ್ಡು ಬೇಕಿರಬಹುದು. ಶಾಲೆಯಲ್ಲಿ ಅದು ಇದೆಯೇ, ಬೀರು ತೆರೆದು ನೋಡಿ.

ನಮಸ್ಕಾರ.