ಕೈಯಾಡಿಸೋಕೆ ಜಾಗ ಬಿಡಿ: 2018ರ ಕಟ್ಟಡಗಳ ಬಗ್ಗೆ ಒಂದಿಷ್ಟು ಮಾತು

ಸೇತುವೆ ಮೇಲೆ ಒಂದು ಹಸಿರು ಲಾರಿ ನಿಂತಿದೆ. ಅದರ ಮುಂದೆ ಕೆಲವೇ ಮೀಟರ್ ರಸ್ತೆ. ಅಲ್ಲಿಂದಾಚೆ ರಸ್ತೆಯೇ ಇಲ್ಲ. ಮಳೆ, ಮಬ್ಬು, 45 ಮೀಟರ್ ಕೆಳಗೆ ಮುರಿದು ಬಿದ್ದ ಕಾಂಕ್ರೀಟು. ಡ್ರೈವರ್ ಬ್ರೇಕ್ ಒತ್ತಿ, ಇಳಿದು, ಓಡಿ ಜೀವ ಉಳಿಸಿಕೊಂಡಿದ್ದಾನೆ. ಇಟಲಿಯ ಜೆನೋವಾ ನಗರದ ಈ ಫೋಟೋನ ನಿಮ್ಮಲ್ಲಿ ಎಷ್ಟೋ ಜನ ನೋಡಿರ್ತೀರಿ. 2018ರ ಆಗಸ್ಟ್ 14, ಅವರ ದೊಡ್ಡ ಬೇಸಿಗೆ ಹಬ್ಬದ ಹಿಂದಿನ ದಿನ. ಬೆಳಗ್ಗೆ ಹನ್ನೊಂದೂವರೆ ದಾಟಿತ್ತು. ಮೊರಾಂಡಿ ಸೇತುವೆಯ ಸುಮಾರು 200 ಮೀಟರ್ ಭಾಗ ಒಂದೇ ಸಲಕ್ಕೆ ಕುಸಿದು 43 ಜನ ಸತ್ತರು.

ಆ ವರ್ಷ ಜಗತ್ತಲ್ಲಿ ದೊಡ್ಡ ದೊಡ್ಡದು ಬಹಳ ಕಟ್ಟಿದ್ರು. ಅಕ್ಟೋಬರ್‌ನಲ್ಲಿ ಹಾಂಗ್‌ಕಾಂಗ್, ಝುಹಾಯ್, ಮಕಾವು ಮೂರನ್ನೂ ಸೇರಿಸೋ 55 ಕಿಲೋಮೀಟರ್ ಉದ್ದದ ದಾರಿ ಸಮುದ್ರದ ಮೇಲೆ ತೆರೀತು. ಅದೇ ತಿಂಗಳ ಕೊನೇ ದಿನ ಗುಜರಾತಲ್ಲಿ 182 ಮೀಟರ್ ಎತ್ತರದ ಪಟೇಲರ ಪ್ರತಿಮೆ ಉದ್ಘಾಟನೆ ಆಯ್ತು. ಸ್ಕಾಟ್ಲೆಂಡಿನ ಡಂಡೀ ಊರಲ್ಲಿ ಜಪಾನಿನ ವಾಸ್ತುಶಿಲ್ಪಿ ಕೆಂಗೊ ಕುಮಾ ವಿನ್ಯಾಸ ಮಾಡಿದ ಮ್ಯೂಸಿಯಂ ಬಾಗಿಲು ತೆರೀತು. ವರ್ಷದ ಸಾಧನೆ ಅಂತ ಪಟ್ಟಿ ಮಾಡೋರು ಇವನ್ನೇ ಹಾಕ್ತಾರೆ. ಹಾಕಲಿ. ಆದ್ರೆ 2018 ಅಂದಾಗ ನನ್ನ ಕಣ್ಣ ಮುಂದೆ ಬರೋದು ಆ ಲಾರಿ. ಅದರ ಪಕ್ಕದಲ್ಲೇ ತೊಂಬತ್ತು ವರ್ಷದ ಒಬ್ಬ ಅಜ್ಜನ ಮುಖ ಬರುತ್ತೆ. ಇವೆರಡಕ್ಕೂ ಒಂದು ಸಂಬಂಧ ಇದೆ. ಅದನ್ನ ಹೇಳೋಕೇ ಇವತ್ತು ಕೂತಿದೀನಿ.

ಮೊದಲು ಸೇತುವೆ. 1967ರಲ್ಲಿ ಅದು ಸಂಚಾರಕ್ಕೆ ತೆರೆದಾಗ ಇಟಲಿಗೆ ಅದು ಹೆಮ್ಮೆಯ ವಿಷಯ. ರಿಕಾರ್ಡೋ ಮೊರಾಂಡಿ ಸಾಮಾನ್ಯ ಎಂಜಿನಿಯರ್ ಆಗಿರಲಿಲ್ಲ. 90 ಮೀಟರ್ ಎತ್ತರದ ಮೂರು ಗೋಪುರ. ಒಂದೊಂದು ಗೋಪುರದ ತುದಿಯಿಂದ ಇಳಿಜಾರಾಗಿ ಬಂದು ರಸ್ತೆಯನ್ನ ಎತ್ತಿ ಹಿಡಿಯೋ ಎಳೆಗಳು. ಬೇರೆ ತೂಗುಸೇತುವೆಗಳಲ್ಲಿ ಇಂಥ ಎಳೆಗಳು ಉಕ್ಕಿನ ಹಗ್ಗದ ಹಾಗೆ ಹೊರಗೆ ಕಾಣ್ತವೆ, ಲೆಕ್ಕದಲ್ಲಿ ಹತ್ತಾರು ಇರ್ತವೆ. ಮೊರಾಂಡಿ ಬೆರಳೆಣಿಕೆಯಷ್ಟು ಮಾತ್ರ ಇಟ್ಟರು, ಆ ಉಕ್ಕಿನ ಸುತ್ತಲೂ ಕಾಂಕ್ರೀಟ್ ಹಾಕಿ ಮುಚ್ಚಿದ್ರು. ಕಾಂಕ್ರೀಟಿನ ಕವಚ ಇದ್ರೆ ಒಳಗಿನ ಉಕ್ಕಿಗೆ ಗಾಳಿ ನೀರು ತಾಗೋದಿಲ್ಲ, ತುಕ್ಕು ಹಿಡಿಯೋದಿಲ್ಲ ಅನ್ನೋದು ಲೆಕ್ಕ. ನೋಡೋಕೂ ಬಹಳ ಚೆಂದ.

ನೀವು ಒಮ್ಮೆ ನಿಮ್ಮ ಮನೆ ಸಜ್ಜಾದ ಕೆಳಗೆ ನಿಂತು ಮೇಲೆ ನೋಡಿ. ಹಳೇ ಮನೆ ಆದ್ರೆ ಅಲ್ಲೊಂದು ಕಂದು ಬಣ್ಣದ ಗೆರೆ ಇರುತ್ತೆ. ಬೆರಳಿಂದ ತಟ್ಟಿದ್ರೆ ಟೊಳ್ಳು ಶಬ್ದ. ಒಂದು ದಿನ ಅಲ್ಲಿಂದ ಒಂದು ಚೆಕ್ಕೆ ಉದುರುತ್ತೆ, ಒಳಗಿನ ಕಂಬಿ ಕಾಣುತ್ತೆ. ಕಬ್ಬಿಣ ತುಕ್ಕಾದಾಗ ಉಬ್ಬುತ್ತೆ. ಮೊದಲಿಗಿಂತ ಎಷ್ಟೋ ಪಟ್ಟು ಜಾಗ ಬೇಕು ಅದಕ್ಕೆ. ಒಳಗಿಂದಲೇ ಕಾಂಕ್ರೀಟನ್ನ ಸೀಳುತ್ತೆ. ಸೀಳಿನಿಂದ ಮತ್ತಷ್ಟು ನೀರು, ಮತ್ತಷ್ಟು ತುಕ್ಕು. ಸಜ್ಜಾದಲ್ಲಾದ್ರೆ ನಮ್ಮ ಕಣ್ಣಿಗೆ ಬೀಳುತ್ತೆ, ಗಾರೆ ಮೇಸ್ತ್ರಿನ ಕರೆಸ್ತೀವಿ. ಜೆನೋವಾದ ಆ ಎಳೆಗಳ ಒಳಗೆ ಏನಾಗ್ತಿದೆ ಅಂತ ನೋಡೋದು ಬಹಳ ಕಷ್ಟ ಇತ್ತು. ಯಾವ ಕವಚ ಉಕ್ಕನ್ನ ಕಾಪಾಡುತ್ತೆ ಅಂತ ಹಾಕಿದ್ರೋ, ಅದೇ ಕವಚ ಉಕ್ಕಿನ ಕಾಯಿಲೆಯನ್ನೂ ಮುಚ್ಚಿಟ್ಟಿತು.

ಮೊರಾಂಡಿ ಕಣ್ಣು ಮುಚ್ಚಿ ಕೂತಿರಲಿಲ್ಲ. ಸೇತುವೆ ಕಟ್ಟಿ ಹನ್ನೆರಡು ವರ್ಷಕ್ಕೆ, 1979ರಲ್ಲಿ, ಅವರೇ ವರದಿ ಬರೆದ್ರು. ಸಮುದ್ರದ ಉಪ್ಪುಗಾಳಿ, ಕಾರ್ಖಾನೆಗಳ ಹೊಗೆ ಸೇರಿ ಕಾಂಕ್ರೀಟನ್ನ ತಿಂತಾ ಇದೆ, ಸತತವಾಗಿ ನೋಡಿಕೊಳ್ಳಬೇಕು ಅಂತ ಎಚ್ಚರಿಸಿದ್ರು. 1990ರ ದಶಕದಲ್ಲಿ ಒಂದು ಗೋಪುರದ ಎಳೆಗಳಿಗೆ ಹೊರಗಿಂದ ಹೊಸ ಉಕ್ಕಿನ ಹಗ್ಗ ಕಟ್ಟಿ ಬಲಪಡಿಸಿದ್ರು. ಬಿದ್ದದ್ದು ಆ ಗೋಪುರ ಅಲ್ಲ. ಅಷ್ಟರ ಮಟ್ಟಿನ ಕೆಲಸ ಆಗದೇ ಉಳಿದಿದ್ದ ಗೋಪುರ. ಇದನ್ನ ಮೊದಲ ಸಲ ಓದಿದಾಗ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ನಾನು ಮಲೆನಾಡಿನ ಹೆಂಚಿನ ಮನೇಲಿ ಬೆಳೆದವನು. ಮುಂಗಾರಿಗೆ ಮುಂಚೆ ನಮ್ಮಲ್ಲೊಂದು ಕೆಲಸ ಇದೆ, ಹೆಂಚು ಕೈಯಾಡಿಸೋದು ಅಂತೀವಿ. ಅಜ್ಜ ಮಾಡಿನ ಮೇಲೆ ಹತ್ತಿ ಸಾಲು ಸಾಲಾಗಿ ಒಂದೊಂದೇ ಹೆಂಚನ್ನ ಮುಟ್ಟಿಕೊಂಡು ಹೋಗೋರು. ಒಡೆದದ್ದು ತೆಗೆದು, ಜಾರಿದ್ದು ಸರಿ ಮಾಡಿ, ನಡುವೆ ಸಿಕ್ಕಿಕೊಂಡ ತರಗೆಲೆ ಬಾಚಿ. ಕೆಳಗಿಂದ ಹೊಸ ಹೆಂಚು ಕೊಡೋದು ನಮ್ಮ ಕೆಲಸ. ಆ ಮನೆ ಕಟ್ಟಿದವನಿಗೆ ಗೊತ್ತಿತ್ತು, ವರ್ಷಕ್ಕೊಮ್ಮೆ ಒಬ್ಬ ಮನುಷ್ಯ ಮೇಲೆ ಹತ್ತುತ್ತಾನೆ ಅಂತ. ಅದಕ್ಕೆ ತಕ್ಕ ಹಾಗೆ ಮಾಡು ಕಟ್ಟಿದ್ದ. ಕೈಯಾಡಿಸೋಕೆ ಜಾಗ ಬಿಟ್ಟಿದ್ದ. ಜೆನೋವಾದ ಆ ಎಳೆಗಳಲ್ಲಿ ಇರಲಿಲ್ಲ ನೋಡಿ ಆ ಜಾಗ.

ಇನ್ನು ಮೊದಲು ಹೇಳಿದ ಆ ತೊಂಬತ್ತು ವರ್ಷದ ಅಜ್ಜ. ಬಾಲಕೃಷ್ಣ ದೋಶಿ. 2018ರ ಮಾರ್ಚ್ 7ರಂದು ವಾಸ್ತುಶಿಲ್ಪದ ಅತಿ ದೊಡ್ಡ ಗೌರವ ಪ್ರಿಟ್ಜ್‌ಕರ್ ಪ್ರಶಸ್ತಿ ಅವರಿಗೆ ಬಂತು. ಭಾರತದವರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಪುಣೆಯಲ್ಲಿ ಹುಟ್ಟಿ, 1950ರ ದಶಕದ ಆರಂಭದಲ್ಲಿ ಪ್ಯಾರಿಸ್‌ಗೆ ಹೋಗಿ ಹೆಸರಾಂತ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಹತ್ತಿರ ಕೆಲಸ ಕಲಿತು, ವಾಪಸ್ ಬಂದು ಅಹಮದಾಬಾದಲ್ಲಿ ನೆಲೆ ನಿಂತವರು. ಅಲ್ಲಿನ ಐಐಎಂ ಕಟ್ಟಿದ ಲೂಯಿ ಕಾನ್ ಜೊತೆಗೂ ದುಡಿದವರು. ಇಬ್ಬರು ಘಟಾನುಘಟಿಗಳ ಪಕ್ಕದಲ್ಲಿ ನಿಂತೂ ಅವರು ಹಿಡಿದ ದಾರಿ ಬೇರೆಯೇ ಆಯ್ತು. ಕಟ್ಟಡ ಅಂದ್ರೆ ಮುಗಿಸಿ ಕೊಡೋ ವಸ್ತು ಅನ್ನೋದನ್ನ ಅವರು ಬಿಟ್ಟುಬಿಟ್ಟರು.

ಇಂದೋರಿನ ಅರಣ್ಯ ಅನ್ನೋ ಹೆಸರಿನ ಬಡಾವಣೆ ನೋಡಿ. 1989ರದ್ದು. ಆರೂವರೆ ಸಾವಿರಕ್ಕೂ ಹೆಚ್ಚು ಮನೆ, ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಇರೋ ಜಾಗ. ಅತಿ ಬಡವರಿಗೆ ಕೊಟ್ಟಿದ್ದು ಸುಮಾರು 35 ಚದರ ಮೀಟರ್ ಸೈಟು. ನಮ್ಮ ಟ್ವೆಂಟಿ ಥರ್ಟಿ ಸೈಟಿಗಿಂತ ಬಹಳ ಚಿಕ್ಕದು. ಅದರಲ್ಲಿ ದೋಶಿ ಪೂರ್ತಿ ಮನೆ ಕಟ್ಟಿಕೊಡಲಿಲ್ಲ. ಪಾಯ ಹಾಕಿದ ನೆಲ, ಒಂದು ಕಕ್ಕಸು, ಒಂದು ನಲ್ಲಿ. ಬಡವನ ಕೈಲಿ ಆಗದೇ ಇರೋದು ಯಾವುದೋ ಅದನ್ನ ಮೊದಲು ಮಾಡಿಕೊಟ್ಟರು. ಚರಂಡಿ, ನೀರು, ಗಟ್ಟಿ ತಳ. ಉಳಿದದ್ದು ಅವನ ದುಡ್ಡು ಕೂಡಿದ ಹಾಗೆ, ಮಗಳ ಮದುವೆ ಆದ ಮೇಲೆ, ಬೋನಸ್ ಬಂದ ವರ್ಷ, ಮೇಲೊಂದು ರೂಮು, ಮುಂದೊಂದು ಅಂಗಡಿ. ಹೇಗೆಲ್ಲ ಬೆಳೆಸಬಹುದು ಅಂತ ತೋರಿಸೋಕೆ 80 ಮಾದರಿ ಮನೆ ಕಟ್ಟಿ ನಿಲ್ಲಿಸಿದ್ರು. ಪ್ರತಿ ಮನೆ ಮುಂದೆ ಗುಜರಾತಿಯಲ್ಲಿ ಓಟ್ಲಾ ಅನ್ನೋ ಕಟ್ಟೆಗೆ ಜಾಗ. ನಮ್ಮ ಜಗಲಿ ಅದು. ಮನೆ ಕಟ್ಟಿ ನೋಡು ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ದೋಶಿ ಆ ಮಾತನ್ನ ಜನರ ಕೈಗೇ ಕೊಟ್ಟರು. ತಗೊಳ್ಳಿ, ಇಲ್ಲಿಂದ ನೀವೇ ಕಟ್ಟಿ ನೋಡಿ.

ಅದಕ್ಕೂ ಮುಂಚೆ, 1973ರಲ್ಲಿ, ಅಹಮದಾಬಾದಿನಲ್ಲಿ ಎಲ್ಐಸಿಗೆ ಕಟ್ಟಿದ ಮನೆಗಳಲ್ಲೇ ಇದರ ಬೀಜ ಇದೆ. ಕೆಳಗಿನ ಮನೆ ದೊಡ್ಡದು, ನಡುವಿನದು ಸ್ವಲ್ಪ ಚಿಕ್ಕದು, ಮೇಲಿನದು ಇನ್ನೂ ಚಿಕ್ಕದು. ಹೀಗೆ ಹಿಂದೆ ಸರಿದ ಜಾಗದಲ್ಲಿ ಬಯಲು ತಾರಸಿ ಸಿಗುತ್ತೆ. ಕುಟುಂಬ ದೊಡ್ಡದಾದ ಹಾಗೆ ಜನ ಅಲ್ಲಿ ಗೋಡೆ ಎಬ್ಬಿಸಿದ್ರು, ಗ್ರಿಲ್ ಹಾಕಿಸಿದ್ರು, ಬಣ್ಣ ಬಣ್ಣ ಬಳಿದ್ರು. ವಾಸ್ತುಶಿಲ್ಪಿಗಳಲ್ಲಿ ಎಷ್ಟೋ ಜನಕ್ಕೆ ತಮ್ಮ ಕಟ್ಟಡದ ಮೇಲೆ ಒಂದು ಮೊಳೆ ಹೊಡೆದ್ರೂ ಆಗಲ್ಲ. ದೋಶಿ ಆ ಬದಲಾವಣೆಗಳ ಬಗ್ಗೆ ಸಂತೋಷದಿಂದ ಮಾತಾಡ್ತಿದ್ರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದೇ ಇದರಿಂದ. ಪ್ರಶಸ್ತಿಯ ಸುದ್ದಿ ಆಮೇಲಿನದು.

ಮನೆ ಬೆಳೆಯೋದನ್ನ ಒಪ್ಪಬಹುದು, ಆದ್ರೆ ಸೇತುವೆನೂ ಮನೆನೂ ಒಂದೇನಾ ಅಂತ ನೀವು ಕೇಳಬಹುದು. ಸೇತುವೆ ಮೇಲೆ ಜನ ಬಂದು ರೂಮು ಕಟ್ಟೋಕಾಗಲ್ಲ ನಿಜ. ಆದ್ರೆ ನಕ್ಷೆ ಬರೆಯೋ ಹೊತ್ತಲ್ಲಿ ತಲೇಲಿ ಇರಬೇಕಾದ ಪ್ರಶ್ನೆ ಎರಡಕ್ಕೂ ಒಂದೇ. ಐವತ್ತು ವರ್ಷ ಆದ ಮೇಲೆ ಯಾರೋ ಒಬ್ಬ ಇದರ ಹತ್ತಿರ ಬರ್ತಾನೆ, ಅವನ ಕೈ ಎಲ್ಲಿ ತನಕ ಹೋಗುತ್ತೆ? ಜೆನೋವಾದವರೇ ಈ ಪಾಠ ಕಲಿತರು. ಅದೇ ಊರಿನ ರೆಂಜೊ ಪಿಯಾನೊ ಹೊಸ ಸೇತುವೆಯ ವಿನ್ಯಾಸ ಮಾಡಿಕೊಟ್ಟರು, 2020ರ ಆಗಸ್ಟ್‌ನಲ್ಲಿ ಅದು ತೆರೀತು. ಅದರ ಅಂಚಲ್ಲಿ ಓಡಾಡ್ತಾ ತಪಾಸಣೆ ಮಾಡೋ ರೋಬೋಟುಗಳಿವೆ. ಉಪ್ಪು ತೇವ ಕೂತು ಉಕ್ಕು ಕೆಡದ ಹಾಗೆ ಒಳಗಿನ ಗಾಳಿ ಒಣಗಿಸೋ ವ್ಯವಸ್ಥೆ ಇದೆ.

ಆ ವರ್ಷದ ಇನ್ನೆರಡು ನೋವು ಇದೇ ಜಾತಿಯವು. ಗ್ಲಾಸ್ಗೋದ ಕಲಾಶಾಲೆ, ಚಾರ್ಲ್ಸ್ ರೆನೀ ಮ್ಯಾಕಿಂಟಾಷ್ ಕಟ್ಟಿದ್ದು, 2014ರಲ್ಲಿ ಒಮ್ಮೆ ಸುಟ್ಟು, ಅದನ್ನ ಅಚ್ಚುಕಟ್ಟಾಗಿ ರಿಪೇರಿ ಮಾಡ್ತಿರೋವಾಗಲೇ 2018ರ ಜೂನ್ 15ರ ರಾತ್ರಿ ಮತ್ತೆ ಹೊತ್ತಿಕೊಂಡಿತು. ಎರಡನೇ ಬೆಂಕಿ ಮೊದಲನೆಯದಕ್ಕಿಂತ ಘೋರ. ಕಾರಣ ಇಂಥದ್ದೇ ಅಂತ ತನಿಖೆಯಲ್ಲಿ ಹೊರಬರಲಿಲ್ಲ.

ರಿಯೊ ಡಿ ಜನೈರೊದ್ದು ಮಾತ್ರ ನನ್ನ ಎದೆಯಿಂದ ಇಳಿಯಲ್ಲ. ಬ್ರೆಜಿಲಿನ ರಾಷ್ಟ್ರೀಯ ಮ್ಯೂಸಿಯಂ, ಒಂದು ಕಾಲದಲ್ಲಿ ರಾಜರ ಅರಮನೆ. ಸುಮಾರು ಎರಡು ಕೋಟಿ ವಸ್ತುಗಳ ಸಂಗ್ರಹ. 2018ರ ಜೂನ್‌ನಲ್ಲಿ ಸಂಸ್ಥೆಗೆ 200 ವರ್ಷ ತುಂಬಿತು. ಬೆಂಕಿ ತಡೆಯೋ ವ್ಯವಸ್ಥೆಯೂ ಸೇರಿದ ಹಾಗೆ ದುರಸ್ತಿಗೆ ಹಣ ಕೊಡೋ ಒಪ್ಪಂದ ಅದೇ ತಿಂಗಳು ಆಗಿತ್ತು. ಹಣ ಬರಲಿಲ್ಲ, ಸೆಪ್ಟೆಂಬರ್ 2ರ ರಾತ್ರಿ ಬೆಂಕಿ ಬಂತು. ಶುರುವಾಗಿದ್ದು ಒಂದು ಎಸಿಯಿಂದ ಅಂತ ಆಮೇಲೆ ಪೊಲೀಸರು ಹೇಳಿದ್ರು. ಅಗ್ನಿಶಾಮಕದವರು ಓಡಿ ಬಂದರೆ ಹತ್ತಿರದ ನಲ್ಲಿಗಳಲ್ಲಿ ನೀರಿಲ್ಲ. ಪಕ್ಕದ ಕೊಳದಿಂದ ನೀರೆತ್ತಬೇಕಾಯ್ತು. ಒಳಗೆ ಸುಟ್ಟು ಹೋದವುಗಳಲ್ಲಿ ಇವತ್ತು ಯಾರ ಬಾಯಲ್ಲೂ ಇಲ್ಲದ ಬುಡಕಟ್ಟು ಭಾಷೆಗಳ ಧ್ವನಿಮುದ್ರಣಗಳಿದ್ವು. ಅಜ್ಜಿಯೊಬ್ಬಳು ಹಾಡಿರಬಹುದಾದ ಹಾಡು, ಇನ್ನೆಲ್ಲೂ ಸಿಗಲ್ಲ ಅದು. ಭಾಷೆಯನ್ನ ಪ್ರೀತಿಸೋ ಯಾರಿಗೇ ಆಗಲಿ ಕರುಳು ಕಿವುಚುತ್ತೆ. ಹನ್ನೊಂದು ಸಾವಿರ ವರ್ಷಕ್ಕೂ ಹಳೆಯ ಲೂಜಿಯಾ ಅನ್ನೋ ಹೆಂಗಸಿನ ತಲೆಬುರುಡೆಯ ಚೂರುಗಳು ಮಾತ್ರ ಬೂದಿಯಲ್ಲಿ ಸಿಕ್ಕವು. ಪುಣ್ಯ.

ನಮ್ಮ ನಗರಗಳ ಅಪಾರ್ಟ್‌ಮೆಂಟುಗಳಲ್ಲಿ ಮೇಂಟೆನೆನ್ಸ್ ಅನ್ನೋ ಮಾತಿಗೆ ಈಗ ಒಂದೇ ಅರ್ಥ ಉಳಿದಿದೆ, ತಿಂಗಳ ಬಿಲ್ಲು. ನಾನಿರೋ ಕಟ್ಟಡದಲ್ಲಿ ಎರಡು ವರ್ಷದ ಹಿಂದೆ ಬಾತ್‌ರೂಮಿನ ಪೈಪಿಂದ ನೀರು ಜಿನುಗೋಕೆ ಶುರುವಾಯ್ತು. ಪ್ಲಂಬರ್ ಬಂದು ನೋಡಿದ್ರೆ ಪೈಪ್ ಹೋಗೋ ಕಿಂಡಿಯನ್ನ ಬಿಲ್ಡರ್ ಟೈಲ್ಸ್ ಹಾಕಿ ಪೂರ್ತಿ ಮುಚ್ಚಿದ್ದಾನೆ. ನೋಡೋಕೆ ನುಣ್ಣಗೆ, ಒಂದು ಬಾಗಿಲೂ ಇಲ್ಲ. ಹತ್ತು ರೂಪಾಯಿ ವಾಷರ್ ಬದಲಿಸೋಕೆ ಮೂರು ಮಹಡಿಯ ಗೋಡೆ ಒಡೆದ್ವಿ. ಆ ಧೂಳಲ್ಲಿ ನಿಂತಾಗ ನನಗೆ ಜೆನೋವಾ ನೆನಪಾಯ್ತು. ಅಳತೆ ಬೇರೆ, ತಪ್ಪು ಒಂದೇ. ಹೊಸ ಮನೆ ನೋಡೋಕೆ ಹೋಗೋರಿಗೆ ನಾನು ಹೇಳೋದಿಷ್ಟೇ: ಲಾಬಿಯ ಗ್ರಾನೈಟು ಆಮೇಲೆ ನೋಡಿ, ಮೊದಲು ಪೈಪ್ ಕಿಂಡಿಗೆ ಬಾಗಿಲು ಇದೆಯಾ, ತಾರಸಿಯ ಟ್ಯಾಂಕಿಗೆ ಏಣಿ ಇದೆಯಾ ಕೇಳಿ. ಉದ್ಘಾಟನೆಗೆ ಖರ್ಚು ಮಾಡೋ ಸರ್ಕಾರಗಳಿಗೂ ಇದನ್ನೇ ಕೇಳಬೇಕು ನಾವು. ಈ ಸೇತುವೆಯ ಹತ್ತನೇ ವರ್ಷದ ತಪಾಸಣೆಗೆ ದುಡ್ಡು ಎಲ್ಲಿಟ್ಟಿದೀರಿ?

ದೋಶಿ ಕೈ ನಮ್ಮಲ್ಲೂ ಇದೆ. ಬನ್ನೇರುಘಟ್ಟ ರಸ್ತೆಯ ಐಐಎಂ ಬೆಂಗಳೂರು ಅವರದ್ದು, 1970ರ ದಶಕದ ಕೊನೆಯಿಂದ ಹಂತ ಹಂತವಾಗಿ ಬೆಳೆದದ್ದು. ಫತೇಪುರ್ ಸಿಕ್ರಿಯ ಅಂಗಳಗಳನ್ನ ಮನಸ್ಸಲ್ಲಿಟ್ಟುಕೊಂಡು ಮಾಡಿದ ನಕ್ಷೆ. 2018ರಲ್ಲಿ ಪ್ರಶಸ್ತಿ ಸುದ್ದಿ ಬಂದ ಕೆಲವು ವಾರಕ್ಕೆ ಅಲ್ಲಿ ಕೆಲಸ ಮಾಡೋ ಸ್ನೇಹಿತನ ಜೊತೆ ಒಳಗೆ ಹೋಗಿದ್ದೆ. ಗೋಡೆ ಪೂರ್ತಿ ಒರಟು ಗ್ರಾನೈಟು, ಮೇಲೆ ಗಾರೆಯಿಲ್ಲ, ಬಣ್ಣವಿಲ್ಲ. ಅಂಗೈ ಇಟ್ಟರೆ ಉಳಿ ಪೆಟ್ಟಿನ ಗುರುತು ಸಿಗುತ್ತೆ. ಉದ್ದನೆ ಓಣಿ, ತಲೆ ಮೇಲೆ ಕಾಂಕ್ರೀಟ್ ತೊಲೆಗಳ ಚಪ್ಪರ, ಅದರ ಸಂದಿಯಿಂದ ನೆಲದ ಮೇಲೆ ಬಿಸಿಲಿನ ಪಟ್ಟೆ. ಒಬ್ಬ ಮಾಲಿ ಏಣಿ ಹಾಕಿಕೊಂಡು ಚಪ್ಪರಕ್ಕೆ ಹಬ್ಬಿದ್ದ ಬಳ್ಳಿ ಕತ್ತರಿಸ್ತಿದ್ದ. ಒಂದು ತೊಲೆಯ ಸಂದಿ ಬಿಡಿಸಿದ್ರೆ ನೆಲದ ಮೇಲೆ ಒಂದು ಪಟ್ಟೆ ಬೆಳಕು ಹೆಚ್ಚಾಗೋದು. ಅವನು ಏಣಿ ಇಳಿದು, ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಸಿ, ಮತ್ತೆ ಹತ್ತಿದ.