ಬೀಜಕ್ಕೆ ಬಿಟ್ಟ ಗಿಡ: ಕೈತೋಟದಲ್ಲಿ ನಾಟಿ ತರಕಾರಿ

ಎಲ್ಲರಿಗೂ ನಮಸ್ಕಾರ.

ನಾಟಿ ಅನ್ನಿ, ಜವಾರಿ ಅನ್ನಿ, ಈ ತಳಿಗಳಿಗೆಲ್ಲ ಒಂದು ಗುಣ ಸಮಾನ. ತಾಯಿಗಿಡ ಹೇಗಿತ್ತೋ ಅದರ ಬೀಜದ ಗಿಡವೂ ಹಾಗೆಯೇ ಇರುತ್ತದೆ. ತಲೆಮಾರುಗಳಿಂದ ಕೈಯಿಂದ ಕೈಗೆ ದಾಟಿ ಬರಲು ಸಾಧ್ಯವಾದದ್ದೇ ಇದರಿಂದ. ಹೈಬ್ರಿಡ್ ಬೀಜ ಹಾಗಲ್ಲ. ಎರಡು ಶುದ್ಧ ಸಾಲುಗಳನ್ನು ಕೂಡಿಸಿ ಪಡೆದ ಮೊದಲ ತಲೆಮಾರು ಅದು. ಹಾಕಿದ ವರ್ಷ ಎಲ್ಲ ಗಿಡಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಬರುತ್ತವೆ. ಅದರ ಹಣ್ಣಿನ ಬೀಜ ತೆಗೆದು ಮತ್ತೆ ಬಿತ್ತಿದರೆ ಕೂಡಿದ್ದ ಗುಣಗಳು ಚದುರಿ ಹತ್ತು ಗಿಡ ಹತ್ತು ಥರ ಆಗುತ್ತವೆ. ಆದ್ದರಿಂದ ಬೀಜ ಉಳಿಸಬೇಕೆಂದಿದ್ದರೆ ಮೊದಲು ಪೊಟ್ಟಣ ತಿರುಗಿಸಿ ನೋಡಿ. ‘ಎಫ್1’ ಎಂದು ಬರೆದಿದ್ದರೆ ಅದು ತಿನ್ನಲು ಬೆಳೆಯುವ ಬೀಜ, ಉಳಿಸುವ ಬೀಜವಲ್ಲ.

ಇವತ್ತು ಒತ್ತಿ ಹೇಳಬೇಕಾದ ಮಾತು ಒಂದೇ. ಬೀಜಕ್ಕೆ ಯಾವ ಗಿಡ ಬಿಡಬೇಕು ಎನ್ನುವುದನ್ನು ಬಿತ್ತುವ ಮೊದಲೇ ತೀರ್ಮಾನಿಸಬೇಕು. ಸಾಮಾನ್ಯವಾಗಿ ಆಗುವುದು ಏನು? ಒಳ್ಳೆಯ ಕಾಯಿಗಳೆಲ್ಲ ಅಡುಗೆಮನೆಗೆ ಹೋಗುತ್ತವೆ. ಹಂಗಾಮಿನ ಕೊನೆಗೆ, ಗಿಡ ಸೊರಗಿ ರೋಗ ಹತ್ತಿದ ಮೇಲೆ, ಕಣ್ಣು ತಪ್ಪಿ ಉಳಿದ ಒಂದು ಕಾಯಿ ಬೀಜಕ್ಕೆ ಸಿಗುತ್ತದೆ. ನಾಲ್ಕೈದು ವರ್ಷ ಹೀಗೆ ಮಾಡಿದರೆ ತಡವಾಗಿ ಕಾಯಿ ಬಿಡುವ, ಸಣ್ಣ ಕಾಯಿಯ ಗಿಡಗಳನ್ನೇ ನಾವು ಆರಿಸಿಕೊಂಡು ಬಂದಂತಾಗುತ್ತದೆ. ಆಮೇಲೆ ನಾಟಿ ತಳಿ ಇಳುವರಿ ಕೊಡುವುದಿಲ್ಲ ಎಂದು ದೂರುತ್ತೇವೆ.

ಬಿತ್ತನೆಯಿಂದ ಶುರು ಮಾಡೋಣ. ಸಸಿ ಎಬ್ಬಿಸಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಎರಡು ಪಾಲು, ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು, ದಪ್ಪ ಮರಳು ಅರ್ಧ ಪಾಲು ಸಾಕು. ಕೋಕೋಪೀಟನ್ನು ರಾತ್ರಿಯಿಡೀ ನೆನೆಸಿ, ನೀರು ಬದಲಿಸಿ ಎರಡು ಸಲ ಹಿಂಡಬೇಕು. ಅದರಲ್ಲಿ ಉಪ್ಪಿನಂಶ ಉಳಿದರೆ ಎಳೆ ಬೇರಿನ ತುದಿ ಸುಡುತ್ತದೆ. ಗೊಬ್ಬರ ಜಾಸ್ತಿ ಹಾಕುವ ಆಸೆ ಬೇಡ. ಮೊದಲ ನಿಜ ಎಲೆ ಬರುವವರೆಗಿನ ಊಟವನ್ನು ಬೀಜ ತಾನೇ ಹೊತ್ತು ತಂದಿರುತ್ತದೆ.

ಬೀಜದ ದಪ್ಪದ ಎರಡು ಮೂರು ಪಟ್ಟು ಆಳ ಎನ್ನುವ ಲೆಕ್ಕ ಬಹುಪಾಲು ತರಕಾರಿಗೆ ಒಗ್ಗುತ್ತದೆ. ಟೊಮೇಟೊ, ಬದನೆ, ಮೆಣಸಿನಕಾಯಿ ಅರ್ಧ ಸೆಂಟಿಮೀಟರ್. ಬೆಂಡೆ, ಬೀನ್ಸ್, ಕುಂಬಳ ಎರಡರಿಂದ ಎರಡೂವರೆ ಸೆಂಟಿಮೀಟರ್. ಮಣ್ಣಿನ ಬಿಸಿ 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಟೊಮೇಟೊ ಒಂದು ವಾರದಲ್ಲಿ ಮೊಳೆಯುತ್ತದೆ. ಮೆಣಸಿನಕಾಯಿಗೆ ಎರಡು ವಾರ ಹಿಡಿಯಬಹುದು, ಹತ್ತನೇ ದಿನಕ್ಕೆ ಮಣ್ಣು ಕೆದಕಿ ನೋಡಬೇಡಿ. ಹಾಗಲ, ಸೋರೆಯಂಥ ಗಟ್ಟಿ ಸಿಪ್ಪೆಯ ಬೀಜಗಳನ್ನು ಹನ್ನೆರಡು ಗಂಟೆ ನೆನೆಸಿದರೆ ಅನುಕೂಲ. ಬೀನ್ಸಿಗೆ ಮಾತ್ರ ಈ ಉಪಚಾರ ಬೇಡ. ಒಣಗಿದ ಬೀನ್ಸ್ ಬೀಜ ಒಮ್ಮೆಗೇ ನೀರು ಹೀರಿ ಉಬ್ಬಿದಾಗ ಒಳಗಿನ ಬೇಳೆಗಳು ಬಿರುಕು ಬಿಡುತ್ತವೆ, ಮಣ್ಣಿಗೆ ಹಾಕಿದ ಮೇಲೆ ಅಲ್ಲೇ ಕೊಳೆಯುತ್ತವೆ. ಹದವಾಗಿ ತೇವವಿರುವ ಮಣ್ಣಿಗೆ ಒಣಬೀಜವನ್ನೇ ಊರಿ, ಮೊಳಕೆ ಕಾಣುವವರೆಗೆ ಕೈ ಬಿಗಿಹಿಡಿದು ನೀರು ಕೊಡಿ.

ಮೊಳೆತ ಮೇಲೆ ಎರಡು ಕಷ್ಟಗಳು ಬರುತ್ತವೆ. ಸಸಿ ದಾರದ ಹಾಗೆ ಉದ್ದಕ್ಕೆ ಎಳೆದುಕೊಂಡು ಬಾಗಿದರೆ ಬೆಳಕು ಸಾಲದು ಎಂದರ್ಥ. ಮೊಳಕೆ ಕಂಡ ದಿನವೇ ತಟ್ಟೆಯನ್ನು ಬೆಳಕಿಗೆ ಇಡಬೇಕು. ಎರಡು ದಿನ ತಡ ಮಾಡಿದರೂ ಆ ಕುತ್ತಿಗೆ ಮತ್ತೆ ಗಿಡ್ಡವಾಗುವುದಿಲ್ಲ. ಇನ್ನೊಂದು ಕಷ್ಟ ಬುಡಕೊಳೆ. ಸಂಜೆ ನೆಟ್ಟಗೆ ನಿಂತಿದ್ದ ಸಸಿ ಬೆಳಿಗ್ಗೆ ಮಲಗಿರುತ್ತದೆ. ಹತ್ತಿರದಿಂದ ನೋಡಿ: ಎಲೆ ಇನ್ನೂ ಹಸಿರಾಗಿಯೇ ಇದೆ, ಆದರೆ ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ಯಾರೋ ಬೆರಳಲ್ಲಿ ಹಿಸುಕಿದಂತೆ ಕಂದಾಗಿ ಸಣ್ಣಗಾಗಿದೆ. ಪಿಥಿಯಮ್, ರೈಜೊಕ್ಟೋನಿಯದಂಥ ಶಿಲೀಂಧ್ರ ಮತ್ತು ಶಿಲೀಂಧ್ರವನ್ನು ಹೋಲುವ ಜೀವಿಗಳ ಕೆಲಸ ಅದು. ಬಿದ್ದ ಸಸಿ ಏಳುವುದಿಲ್ಲ. ಉಳಿದವನ್ನು ಕಾಪಾಡಲು ನೀರನ್ನು ಮೇಲಿಂದ ಚಿಮುಕಿಸುವುದು ಬಿಟ್ಟು ತಟ್ಟೆಯ ಕೆಳಗಿನಿಂದ ಹೀರಿಸಿ, ಅದೂ ಬೆಳಗಿನ ಹೊತ್ತು. ಒತ್ತಾಗಿರುವ ಕಡೆ ಕತ್ತರಿಯಿಂದ ಕತ್ತರಿಸಿ ತೆಳುವಾಗಿಸಿ. ಕಿತ್ತರೆ ಪಕ್ಕದ ಸಸಿಯ ಬೇರೂ ಅಲುಗುತ್ತದೆ. ಮೇಲ್ಪದರಕ್ಕೆ ಒಣ ಮರಳು ತೆಳ್ಳಗೆ ಹರಡಿದರೆ ಬುಡ ಬೇಗ ಆರುತ್ತದೆ.

ಟೊಮೇಟೊ ಸಸಿ ನಾಲ್ಕೈದು ವಾರಕ್ಕೆ, ಬದನೆ ಮತ್ತು ಮೆಣಸಿನಕಾಯಿ ಆರೇಳು ವಾರಕ್ಕೆ ನಾಟಿಗೆ ಬರುತ್ತವೆ. ಅದಕ್ಕೆ ಮೊದಲು ಒಂದು ವಾರ ದಿನಕ್ಕಿಷ್ಟು ಹೊತ್ತು ಎಂದು ಬಿಸಿಲು ಗಾಳಿಗೆ ರೂಢಿ ಮಾಡಿಸಿ. ಟೊಮೇಟೊ ಕಾಂಡದ ಉದ್ದಕ್ಕೂ ಬೇರು ಬಿಡುತ್ತದೆ, ಹಾಗಾಗಿ ಮೇಲಿನ ಎಲೆಗಳಷ್ಟೇ ಕಾಣುವಂತೆ ಆಳಕ್ಕೆ ನೆಡಿ. ಕುಂಬಳ, ಸೌತೆ ಬಳಗಕ್ಕೆ ಬೇರು ಅಲುಗಿಸುವುದು ಆಗದು. ನೇರ ಪಾತಿಗೇ ಬೀಜ ಹಾಕುವುದು ಒಳ್ಳೆಯದು. ಕುಂಡದಲ್ಲಾದರೆ ಎತ್ತರಕ್ಕೆ ಬೆಳೆಯುವ ಟೊಮೇಟೊಗೆ 20 ಲೀಟರ್ ಮಣ್ಣಾದರೂ ಬೇಕು. ಹಳೆಯ ಟೊಮೇಟೊ ತಳಿಗಳಲ್ಲಿ ಹಲವಕ್ಕೆ ಸಿಪ್ಪೆ ತೆಳು. ಎರಡು ದಿನ ಒಣಗಿಸಿ ಮೂರನೇ ದಿನ ಕೊಡಗಟ್ಟಲೆ ಸುರಿದರೆ ಹಣ್ಣು ಸೀಳುತ್ತದೆ.

ಈಗ ಪರಾಗದ ವಿಚಾರ. ತಳಿ ಉಳಿಯುವುದೂ ಕೆಡುವುದೂ ಇಲ್ಲಿಯೇ.

ಟೊಮೇಟೊ, ಬೀನ್ಸ್, ಬಟಾಣಿ ಹೂಗಳು ಬಹುಮಟ್ಟಿಗೆ ತಮ್ಮ ಪರಾಗದಿಂದಲೇ ಕಾಯಿ ಕಟ್ಟುತ್ತವೆ. ಮೊದಲ ಬಾರಿಗೆ ಬೀಜ ಉಳಿಸುವವರು ಇವುಗಳಿಂದಲೇ ಆರಂಭಿಸಲಿ. ಎರಡು ತಳಿಗಳ ನಡುವೆ ಮೂರು ನಾಲ್ಕು ಮೀಟರ್ ಬಿಟ್ಟರೆ ಮನೆಮಟ್ಟಿಗೆ ಸಾಕು. ಆದರೂ ದಪ್ಪ ಹಣ್ಣಿನ ಟೊಮೇಟೊಗಳಲ್ಲಿ ಎರಡು ಹೂ ಅಂಟಿಕೊಂಡಂತೆ ಅರಳುವ ಅಗಲ ಹೂಗಳಿರುತ್ತವೆ. ಅವುಗಳಲ್ಲಿ ಶಲಾಕಾಗ್ರ, ಅಂದರೆ ಪರಾಗ ಹಿಡಿಯುವ ಹೆಣ್ಣು ಭಾಗದ ತುದಿ, ಹೊರಗೆ ಚಾಚಿರುವುದರಿಂದ ದುಂಬಿ ತಂದ ಪರಾಗ ಹತ್ತುತ್ತದೆ. ಆ ಹಣ್ಣನ್ನು ಬೀಜಕ್ಕೆ ಇಡಬೇಡಿ. ಆಲೂಗೆಡ್ಡೆ ಎಲೆಯಂತೆ ಅಂಚು ನುಣುಪಾದ ಎಲೆಯ ಟೊಮೇಟೊ ತಳಿಗಳಲ್ಲಿ ಪರೀಕ್ಷೆ ಇನ್ನೂ ಸುಲಭ. ಆ ಎಲೆಯ ಗುಣ ಹಿಂಜರಿಯುವ ಗುಣ, ಅಂದರೆ ತಾಯಿ ತಂದೆ ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣುವಂಥದ್ದು. ಅದರ ಬೀಜದಿಂದ ಗರಗಸದ ಅಂಚಿನ ಮಾಮೂಲಿ ಎಲೆಯ ಸಸಿ ಬಂದರೆ ಬೇರೆ ತಳಿಯ ಪರಾಗ ಬೆರೆತಿದೆ ಎಂದು ಸಸಿಯಲ್ಲೇ ಗೊತ್ತಾಗುತ್ತದೆ, ಕಿತ್ತು ಹಾಕಬಹುದು.

ಮೆಣಸಿನಕಾಯಿ, ಬದನೆ, ಬೆಂಡೆ ನಡುವಿನ ದಾರಿಯವು. ತಾವೇ ಕಾಯಿ ಕಟ್ಟಬಲ್ಲವು, ಆದರೆ ಜೇನ್ನೊಣ ಬಂದರೆ ಬೆರಕೆಯೂ ಆಗುತ್ತದೆ. ಪಕ್ಕದಲ್ಲಿ ಖಾರದ ಮೆಣಸಿದ್ದರೆ ದೊಣ್ಣೆಮೆಣಸಿನ ಮುಂದಿನ ತಲೆಮಾರು ಖಾರವಾಗಬಹುದು. ಮೊಗ್ಗು ಅರಳುವ ಮೊದಲೇ ಟೊಂಗೆಗೆ ತೆಳು ಬಲೆಬಟ್ಟೆಯ ಚೀಲ ಕಟ್ಟಿ, ದಿನಕ್ಕೊಮ್ಮೆ ಮೆಲ್ಲಗೆ ಅಲುಗಿಸಿ, ನಾಲ್ಕೈದು ಹೀಚು ನಿಂತ ಮೇಲೆ ಚೀಲ ತೆಗೆದು ಆ ಕಾಯಿಗಳ ತೊಟ್ಟಿಗೆ ಕೆಂಪು ದಾರ ಕಟ್ಟಿ. ದಾರ ಮರೆತರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಬೆಂಡೆಗೆ ಚೀಲವೂ ಬೇಡ. ನಾಳೆ ಅರಳಲಿರುವ ಮೊಗ್ಗಿನ ತುದಿಗೆ ಇವತ್ತು ಸಂಜೆ ದಾರ ಸುತ್ತಿದರೆ ಒಳಗೊಳಗೇ ಪರಾಗ ಸೇರುತ್ತದೆ.

ಕುಂಬಳ, ಸೌತೆ, ಹೀರೆ, ಸೋರೆಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೂವಿನ ಹಿಂದೆ ಪುಟ್ಟ ಮಿಡಿ ಇದ್ದರೆ ಹೆಣ್ಣು. ಇಲ್ಲಿ ಪರಾಗ ಹೊರುವುದು ಪೂರಾ ಕೀಟಗಳೇ, ಅವು ನಿಮ್ಮ ಬೇಲಿಗೆ ನಿಲ್ಲುವುದಿಲ್ಲ. ಸೌತೆಗೂ ಕುಂಬಳಕ್ಕೂ ಕೂಡುವುದಿಲ್ಲ, ಆ ಭಯ ಬೇಡ. ಉದ್ದ ಸೋರೆಗೂ ಗುಂಡು ಸೋರೆಗೂ ಖಂಡಿತ ಕೂಡುತ್ತದೆ. ಅದಕ್ಕೆ ಕೈಯಿಂದಲೇ ಪರಾಗ ಹಚ್ಚಬೇಕು.

ಕುಂಬಳದಲ್ಲಿ ಹೀಗೆ ಮಾಡಿ. ಮರುದಿನ ಅರಳುವ ಮೊಗ್ಗು ಸಂಜೆಯೇ ತುದಿಯಲ್ಲಿ ಹಳದಿ ತಿರುಗಿರುತ್ತದೆ. ಒಂದು ಹೆಣ್ಣು ಮೊಗ್ಗಿಗೆ, ಬೇರೆ ಬಳ್ಳಿಯ ಎರಡು ಗಂಡು ಮೊಗ್ಗಿಗೆ ತುದಿಯಲ್ಲಿ ದಾರ ಕಟ್ಟಿ. ಬೆಳಿಗ್ಗೆ ಬಿಸಿಲೇರುವ ಮೊದಲು ಗಂಡು ಹೂಗಳನ್ನು ತೊಟ್ಟಿನ ಸಮೇತ ಕಿತ್ತು ಎಸಳು ಸುಲಿದರೆ ನಡುವಿನ ಕೇಸರ ಕುಂಚದಂತೆ ಕೈಗೆ ಬರುತ್ತದೆ. ಹೆಣ್ಣು ಹೂವಿನ ದಾರ ಬಿಚ್ಚಿ, ಅಂಟಂಟಾದ ಶಲಾಕಾಗ್ರದ ಎಲ್ಲ ಹೋಳುಗಳಿಗೂ ಪರಾಗ ಸವರಿ, ಎಸಳು ಮುಚ್ಚಿ ಮತ್ತೆ ದಾರ ಕಟ್ಟಿ. ಸವರುವಾಗ ಒಂದು ಜೇನ್ನೊಣ ಒಳಹೊಕ್ಕರೂ ಆ ಹೂ ಬೀಜಕ್ಕೆ ಲೆಕ್ಕಕ್ಕಿಲ್ಲ. ಮೂರು ನಾಲ್ಕು ದಿನದಲ್ಲಿ ಮಿಡಿ ಹಳದಿಯಾಗಿ ಉದುರಿದರೆ ನಿರಾಶೆ ಬೇಡ, ಬಳ್ಳಿಯಲ್ಲಿ ಆಗಲೇ ಕಾಯಿಗಳಿದ್ದರೆ ಹೊಸದನ್ನು ಅದು ಹಿಡಿದಿಡುವುದಿಲ್ಲ. ತಿನ್ನುವ ಕಾಯಿಗಳನ್ನು ಕೊಯ್ದು ಮತ್ತೆ ಪ್ರಯತ್ನಿಸಿ. ಹೊತ್ತು ಮಾತ್ರ ತಪ್ಪಬಾರದು. ತುಪ್ಪದ ಹೀರೆ, ಹಾಗಲ ಬೆಳಿಗ್ಗೆ ಅರಳುತ್ತವೆ. ಹೀರೆ, ಸೋರೆ ಅರಳುವುದು ಸಂಜೆ, ಅವುಗಳಿಗೆ ಮಧ್ಯಾಹ್ನವೇ ದಾರ ಕಟ್ಟಿ ಸಂಜೆ ಪರಾಗ ಹಚ್ಚಬೇಕು.

ಬೆರಕೆಯಾದದ್ದು ಈ ವರ್ಷದ ಕಾಯಿಯಲ್ಲಿ ಕಾಣುವುದಿಲ್ಲ, ಬೀಜದಲ್ಲಿ ಅಡಗಿದ್ದು ಮುಂದಿನ ಗಿಡದಲ್ಲಿ ಹೊರಬರುತ್ತದೆ. ಉಳಿಸಿದ ಬೀಜದ ಸೋರೆ ಅಥವಾ ಕುಂಬಳ ಕಹಿಯಿದ್ದರೆ ನಾಲಿಗೆಗೆ ತಾಗಿದ್ದನ್ನೂ ಉಗುಳಿ, ಅಡುಗೆಗೆ ಬಳಸಬೇಡಿ. ಕಾಡುಬಳ್ಳಿಯೊಂದಿಗೆ ಬೆರೆತಾಗ ಕುಕರ್ಬಿಟಾಸಿನ್ ಎಂಬ ವಿಷ ಮರಳಿ ಬರಬಹುದು. ಬೇಯಿಸಿದರೂ ಅದು ಹೋಗುವುದಿಲ್ಲ, ತೀವ್ರ ವಾಂತಿ ಭೇದಿ ತರುತ್ತದೆ. ಆ ಬೀಜವನ್ನು ಪೂರ್ತಿ ನಾಶ ಮಾಡಿ.

ಎಷ್ಟು ಗಿಡದಿಂದ ಬೀಜ ತೆಗೆಯಬೇಕು? ಟೊಮೇಟೊ, ಬೀನ್ಸಿಗೆ ಐದಾರು ಗಿಡ ಸಾಕು. ಮೂಲಂಗಿ, ಈರುಳ್ಳಿ, ಮೆಕ್ಕೆಜೋಳ ಬೇರೆ ಗಿಡದ ಪರಾಗವನ್ನೇ ನೆಚ್ಚಿದವು. ಕೆಲವೇ ಗಿಡಗಳಿಂದ ತೆಗೆಯುತ್ತ ಹೋದರೆ ಎರಡು ಮೂರು ತಲೆಮಾರಿನಲ್ಲೇ ತಳಿ ಬಡವಾಗುತ್ತದೆ. ಇವನ್ನು ನಾಲ್ಕು ಮನೆಯವರು ಸೇರಿ ಬೆಳೆದು ಬೀಜ ಬೆರೆಸಿಕೊಳ್ಳುವುದೇ ಸರಿ. ಆರಿಸುವಾಗ ದೊಡ್ಡ ಕಾಯಿ ನೋಡಬೇಡಿ, ಇಡೀ ಗಿಡ ನೋಡಿ. ಎಲೆಯಲ್ಲಿ ಹಳದಿ ಹಸಿರು ಮಚ್ಚೆಯ ಮೊಸಾಯಿಕ್ ರೋಗ ಕಂಡ ಗಿಡದ ಬೀಜ ಬೇಡವೇ ಬೇಡ. ಎಲ್ಲಕ್ಕಿಂತ ಮೊದಲು ಹೂದಂಟು ಎಬ್ಬಿಸಿದ ಮೂಲಂಗಿಯ ಬೀಜ ಸುಲಭವಾಗಿ ಸಿಗುತ್ತದೆ, ಅದನ್ನು ಇಟ್ಟರೆ ಗೆಡ್ಡೆ ಕಟ್ಟುವ ಮೊದಲೇ ಹೂ ಬಿಡುವ ಗುಣವನ್ನೇ ಬೆಳೆಸಿದಂತೆ.

ತಿನ್ನುವ ಹದ ಬೇರೆ, ಬೀಜದ ಹದ ಬೇರೆ. ಬದನೆ ಹೊಳಪು ಕಳೆದು ಹಳದಿ ಕಂದಾಗಬೇಕು. ಬೆಂಡೆ ಗಿಡದಲ್ಲೇ ಒಣಗಿ ಏಣುಗಳಲ್ಲಿ ಬಿರಿಯತೊಡಗಬೇಕು. ಸೌತೆ ಪೂರ್ತಿ ಹಳದಿಯಾಗಿ, ಕೊಯ್ದ ಮೇಲೂ ಎರಡು ವಾರ ನೆರಳಲ್ಲಿರಬೇಕು. ಕುಂಬಳ ಒಂದು ತಿಂಗಳು. ಆ ಅವಧಿಯಲ್ಲಿ ಬೀಜ ಕಾಯಿಯೊಳಗೆ ಇನ್ನೂ ತುಂಬಿಕೊಳ್ಳುತ್ತಿರುತ್ತದೆ.

ಮೇಜಿನ ಮೇಲಿರುವ ಮೂರು ಗಾಜಿನ ಲೋಟ ನೋಡಿ. ಮೂರರಲ್ಲೂ ಟೊಮೇಟೊ ಬೀಜ, ಅದರ ರಸ, ಸ್ವಲ್ಪ ನೀರು ಇದೆ. ಮೊದಲನೆಯದು ಇವತ್ತಿನದು, ಪ್ರತಿ ಬೀಜದ ಸುತ್ತ ಲೋಳೆಯ ಪೊರೆ ಕಾಣುತ್ತಿದೆ. ಮೊಳಕೆಯನ್ನು ತಡೆದಿಡುವುದು ಆ ಪೊರೆಯೇ. ಎರಡನೆಯದು ಮೂರು ದಿನ ಹಳೆಯದು. ಮೇಲೆ ಬಿಳಿ ಬೂಸ್ಟು ಕಟ್ಟಿದೆ, ಹುಳಿ ನಾತವಿದೆ, ಪೊರೆ ಕರಗಿ ಬೀಜ ತಳಕ್ಕಿಳಿದಿದೆ. ತೆಗೆಯಬೇಕಾದ ಹದ ಇದು. ನೀರು ಸುರಿದು ಕಲಕಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಬೀಜ ಕೆಳಗೆ ನಿಲ್ಲುತ್ತದೆ. ಮೂರನೆಯದು ಆರು ದಿನದ್ದು. ಬೀಜದ ತುದಿಯಲ್ಲಿ ಬಿಳಿ ಮೊನೆ ಕಾಣುತ್ತಿದೆಯಲ್ಲ, ಅಲ್ಲೇ ಮೊಳೆಯಲು ಶುರುವಾಗಿದೆ. ಅದು ಇನ್ನು ಒಣಗಿಸಲು ಬಾರದು. ಬೇಸಗೆಯಲ್ಲಿ ಎರಡನೇ ದಿನಕ್ಕೇ ಹದ ಬರಬಹುದು, ಲೋಟ ನೋಡಿ ತೀರ್ಮಾನಿಸಿ. ತೊಳೆದ ಬೀಜವನ್ನು ಪಿಂಗಾಣಿ ತಟ್ಟೆಯ ಮೇಲೆ ಹರಡಿ, ಕಾಗದಕ್ಕೆ ಹಾಕಿದರೆ ಬಿಡಿಸಲಾಗದಂತೆ ಅಂಟುತ್ತದೆ.

ಒಣಗಿಸುವುದು ನೆರಳಲ್ಲಿ, ಗಾಳಿಯಾಡುವ ಕಡೆ. ಸೌತೆ, ಕುಂಬಳದ ಬೀಜ ಬಗ್ಗಿಸಿದರೆ ಬಳುಕಬಾರದು, ಟಕ್ಕೆಂದು ಮುರಿಯಬೇಕು. ಬೀನ್ಸನ್ನು ಕಲ್ಲಿನಿಂದ ಕುಟ್ಟಿದರೆ ಚಪ್ಪಟೆಯಾಗದೆ ಪುಡಿಯಾಗಬೇಕು. ಹ್ಯಾರಿಂಗ್ಟನ್ ಎಂಬ ಬೀಜವಿಜ್ಞಾನಿ ಕೊಟ್ಟ ಅಂದಾಜು ನೆನಪಿಡಿ: ಬೀಜದ ತೇವಾಂಶ ಶೇಕಡಾ 1ರಷ್ಟು ಇಳಿದಂತೆಲ್ಲ, ಅಥವಾ ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದಂತೆಲ್ಲ, ಬೀಜದ ಆಯುಷ್ಯ ಸುಮಾರು ಎರಡು ಪಟ್ಟಾಗುತ್ತದೆ. ಬಿಗಿ ಮುಚ್ಚಳದ ಗಾಜಿನ ಸೀಸೆ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್, ತಂಪಾದ ಕತ್ತಲೆ ಜಾಗ. ಬೀನ್ಸ್, ಅಲಸಂದೆಗೆ ಕುಟ್ಟೆ ಹಿಡಿಯುವುದು ಹೊರಗಿನಿಂದ ಬಂದಲ್ಲ. ಹೊಲದಲ್ಲೇ ಮೊಟ್ಟೆ ಹತ್ತಿಕೊಂಡು ಬಂದಿರುತ್ತದೆ. ಚೆನ್ನಾಗಿ ಒಣಗಿದ ಬೀಜವನ್ನು ಸೀಸೆಯಲ್ಲಿ ಮುಚ್ಚಿ ಒಂದು ವಾರ ಫ್ರೀಜರಿನಲ್ಲಿಟ್ಟರೆ ಮೊಟ್ಟೆ, ಹುಳು ಎರಡೂ ಸಾಯುತ್ತವೆ. ಹೊರತೆಗೆದ ತಕ್ಷಣ ಮುಚ್ಚಳ ತೆರೆಯಬೇಡಿ, ಸೀಸೆ ಕೋಣೆಯ ಬಿಸಿಗೆ ಬರಲಿ. ಇಲ್ಲದಿದ್ದರೆ ಗಾಳಿಯ ತೇವ ತಣ್ಣನೆ ಬೀಜದ ಮೇಲೆ ಹನಿಯುತ್ತದೆ. ಚೀಟಿಯ ಮೇಲೆ ತಳಿಯ ಹೆಸರು, ಕೊಯ್ದ ವರ್ಷ, ಎಷ್ಟು ಗಿಡದ್ದು ಎಂಬುದನ್ನು ಪೆನ್ಸಿಲಿನಲ್ಲಿ ಬರೆದು ಸೀಸೆಯೊಳಗೆ ಹಾಕಿ.

ಈರುಳ್ಳಿ ಬೀಜ ಒಂದೆರಡು ವರ್ಷಕ್ಕೆ ಸೋಲುತ್ತದೆ. ಟೊಮೇಟೊ, ಸೌತೆ ಐದು ವರ್ಷ ದಾಟುವುದುಂಟು. ಎಷ್ಟು ಜೀವ ಉಳಿದಿದೆ ಎಂದು ತಿಳಿಯಲು ಹತ್ತು ಬೀಜಗಳನ್ನು ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು, ಬೆಚ್ಚಗಿನ ಕಡೆ ಹತ್ತು ದಿನ ನೋಡಿ. ಮೆಣಸಿನಕಾಯಿಯಾದರೆ ಹದಿನೈದು ದಿನ. ಎಂಟಕ್ಕಿಂತ ಹೆಚ್ಚು ಮೊಳೆತರೆ ಸೀಸೆಯ ಅರ್ಧ ಬಿತ್ತಿ, ಅರ್ಧ ಉಳಿಸಿಕೊಳ್ಳಿ. ಒಂದು ಆಲಿಕಲ್ಲು ಮಳೆಗೆ ತಳಿಯೇ ಕಳೆದುಹೋಗಬಾರದು. ಮೂರು ನಾಲ್ಕಷ್ಟೇ ಮೊಳೆತರೆ ಕಾಯಬೇಡಿ, ಇದೇ ಹಂಗಾಮಿನಲ್ಲಿ ಇರುವಷ್ಟನ್ನೂ ಬಿತ್ತಿ ಹೊಸ ಬೀಜ ಮಾಡಿಕೊಳ್ಳಿ. ಪರೀಕ್ಷೆಗೆ ಇಟ್ಟ ಮೊಳಕೆಗಳೂ ಗಿಡವಾಗುತ್ತವೆ. ಬೇರು ಕಾಗದದೊಳಗೆ ನುಗ್ಗಿದ್ದರೆ ಎಳೆಯದೆ, ಅಷ್ಟು ಕಾಗದವನ್ನು ಹರಿದು ಅದರ ಸಮೇತ ಮಣ್ಣಿಗೆ ಊರಿ.