ಹಳೆಯ ಫೆಲ್ಟ್ ಹ್ಯಾಟಿನ ಕಲೆ ತೆಗೆಯುವ ಬಗೆ

ಕೇಳುಗರಿಗೆ ನಮಸ್ಕಾರ.

ಕೊಡಗು, ಚಿಕ್ಕಮಗಳೂರುಗಳ ಹಳೆಯ ಕಾಫಿ ತೋಟದ ಮನೆಗಳಲ್ಲಿ, ಸೈನ್ಯದಲ್ಲಿದ್ದು ಬಂದವರ ಮನೆಗಳಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದ ಕೆಲವು ಕುಟುಂಬಗಳಲ್ಲಿ ಅಜ್ಜನ ಕಾಲದ ಒಂದು ಫೆಲ್ಟ್ ಹ್ಯಾಟು ಟ್ರಂಕಿನ ತಳದಲ್ಲಿ ಉಳಿದುಕೊಂಡಿರುವುದುಂಟು. ಅದು ಅಮೆರಿಕದ ಫಿಲಡೆಲ್ಫಿಯಾದಲ್ಲಿ 1865ರಲ್ಲಿ ಆರಂಭವಾದ ಸ್ಟೆಟ್ಸನ್ ಕಂಪನಿಯದಾಗಿರಬಹುದು, ಇಟಲಿಯ ಅಲೆಸ್ಸಾಂಡ್ರಿಯಾ ಪಟ್ಟಣದಲ್ಲಿ 1857ರಲ್ಲಿ ಶುರುವಾದ ಬೋರ್ಸಲೀನೋ ಕಂಪನಿಯ, ನೆತ್ತಿಯಲ್ಲಿ ಉದ್ದನೆಯ ತಗ್ಗಿರುವ ಫೆಡೋರಾ ಹ್ಯಾಟು ಆಗಿರಬಹುದು, ಅಥವಾ ನಮ್ಮ ದೇಶದ ಬಿಸಿಲಿಗೆಂದೇ ಎರಡು ಪದರ ಫೆಲ್ಟಿನಿಂದ ಮಾಡುತ್ತಿದ್ದ, ಅಗಲ ಅಂಚಿನ ಟೆರಾಯ್ ಹ್ಯಾಟೂ ಆಗಿರಬಹುದು. ಹೊರಗೆ ತೆಗೆದಾಗ ಅದರ ಮೇಲೆ ಕಲೆಗಳಿರುತ್ತವೆ. ಆ ಕಲೆಗಳನ್ನು ನೋಡಿದ ಕೂಡಲೇ ಒದ್ದೆ ಬಟ್ಟೆಯನ್ನೋ ಸೋಪಿನ ನೀರನ್ನೋ ಹಿಡಿದು ಉಜ್ಜಲು ತೊಡಗುವುದು ನಮ್ಮೆಲ್ಲರ ಮೊದಲ ಪ್ರವೃತ್ತಿ. ದಯವಿಟ್ಟು ಅದನ್ನು ತಡೆದುಕೊಳ್ಳಬೇಕೆಂದು ಕೇಳಿಕೊಳ್ಳುವುದಕ್ಕಾಗಿಯೇ ಈ ಮಾತುಗಳು. ಹಳೆಯ ಹ್ಯಾಟುಗಳಲ್ಲಿ ಕಲೆಯಿಂದ ಹಾಳಾದವುಗಳಿಗಿಂತ ಕಲೆ ತೆಗೆಯಲು ಹೋಗಿ ಹಾಳಾದವುಗಳೇ ಹೆಚ್ಚೆಂದು ನಾನು ನಂಬಿದ್ದೇನೆ.

ಇದಕ್ಕೆ ಕಾರಣ ಫೆಲ್ಟಿನ ರಚನೆಯಲ್ಲೇ ಇದೆ. ಫೆಲ್ಟು ಮಗ್ಗದಲ್ಲಿ ನೆಯ್ದ ಬಟ್ಟೆಯಲ್ಲ. ಅದರಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಒಳ್ಳೆಯ ಹ್ಯಾಟುಗಳಿಗೆ ಮೊಲದ ಅಥವಾ ಬೀವರ್ ಎಂಬ ಪ್ರಾಣಿಯ ತುಪ್ಪಳವನ್ನೂ, ಅಗ್ಗದ ಹ್ಯಾಟುಗಳಿಗೆ ಕುರಿಯ ಉಣ್ಣೆಯನ್ನೂ ಬಳಸುತ್ತಾರೆ. ಪ್ರತಿಯೊಂದು ಕೂದಲಿನ ಮೈಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿದ್ದು, ಬಿಸಿನೀರು, ಹಬೆ ಮತ್ತು ಒತ್ತಡ ಮೂರೂ ಕೂಡಿ ಬಿದ್ದಾಗ ಆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯುತ್ತವೆ. ಹೀಗೆ ಸಡಿಲವಾದ ದೊಡ್ಡ ಶಂಕುವಿನಾಕಾರದ ತುಪ್ಪಳದ ಹಾಳೆ ಕುಗ್ಗುತ್ತಾ, ದಪ್ಪವಾಗುತ್ತಾ ಹೋಗಿ ಕೊನೆಗೆ ಹ್ಯಾಟಾಗುತ್ತದೆ. ಬಿಸಿನೀರು ಮತ್ತು ಉಜ್ಜುವಿಕೆಯಿಂದ ಹುಟ್ಟಿದ ವಸ್ತುವಿಗೆ ಮತ್ತೆ ಬಿಸಿನೀರು ಹಾಕಿ ಉಜ್ಜಿದರೆ ಅದೇ ಕ್ರಿಯೆ ಮುಂದುವರಿಯುತ್ತದೆ: ಹ್ಯಾಟು ಇನ್ನಷ್ಟು ಕುಗ್ಗುತ್ತದೆ, ಉಜ್ಜಿದ ಕಡೆ ಎಳೆಗಳು ಗಂಟುಗಟ್ಟುತ್ತವೆ. ಉಣ್ಣೆಯ ಫೆಲ್ಟಿನಲ್ಲಿ ಈ ಕುಗ್ಗುವಿಕೆ ತುಪ್ಪಳದ ಫೆಲ್ಟಿಗಿಂತ ಹೆಚ್ಚು.

ಇನ್ನೊಂದು ಸಂಗತಿ ಅರಗಿನದು. ಹ್ಯಾಟಿನ ಅಂಚೂ ತಲೆಯ ಭಾಗವೂ ಆಕಾರ ಬಿಡದೆ ನಿಲ್ಲಲೆಂದು ಫೆಲ್ಟಿನೊಳಗೆ ಅರಗಿನ ದ್ರಾವಣವನ್ನು ಊಡಿಸುವ ಪದ್ಧತಿ ಬಹಳ ಹಳೆಯದು. ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣ ಮತ್ತು ಹೊಳಪು ಕೊಡುವ ಅರಗೂ, ಹ್ಯಾಟಿಗೆ ಗಟ್ಟಿತನ ಕೊಡುವ ಅರಗೂ ಮೂಲದಲ್ಲಿ ಒಂದೇ. ಎರಡೂ ಅರಗಿನ ಹುಳು ಮರದ ರೆಂಬೆಗಳ ಮೇಲೆ ಸ್ರವಿಸುವ ರಾಳದಿಂದ ಬಂದವು. ಈ ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಸೋಡಾ ಮತ್ತು ಅಮೋನಿಯಾದಂಥ ಕ್ಷಾರಗಳಲ್ಲೂ ಕರಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರನ್ನೋ ಸರ್ಜಿಕಲ್ ಸ್ಪಿರಿಟನ್ನೋ ಕಲೆಯ ಮೇಲೆ ತೊಟ್ಟಿಕ್ಕಿಸಿದರೆ ಒಳಗಿನ ಅರಗು ಕರಗಿ ಹೊರಗೆ ಬಂದು, ಒಣಗಿದ ಮೇಲೆ ಬಿಳಿಚಿದ, ಗಡುಸಾದ ಹೊಸದೊಂದು ಕಲೆಯಾಗಿ ಕೂರುತ್ತದೆ. ಅದು ಮೊದಲಿದ್ದ ಕಲೆಗಿಂತ ಹಠಮಾರಿ. ಬಟ್ಟೆಯ ಸೋಪಿನ ಪುಡಿ, ಅಡುಗೆ ಸೋಡಾದ ನೀರು ಇವುಗಳನ್ನು ದೂರವಿಡಬೇಕಾದದ್ದೂ ಇದೇ ಕಾರಣಕ್ಕೆ.

ಕೆಲಸ ಆರಂಭಿಸುವ ಮೊದಲು ಆರೋಗ್ಯದ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ತುಪ್ಪಳದ ಎಳೆಗಳು ಚೆನ್ನಾಗಿ ಹೆಣೆದುಕೊಳ್ಳಲೆಂದು ಯುರೋಪು ಮತ್ತು ಅಮೆರಿಕದ ಕಾರ್ಖಾನೆಗಳಲ್ಲಿ ಹದಿನೆಂಟನೆಯ ಶತಮಾನದಿಂದ ಪಾದರಸದ ನೈಟ್ರೇಟನ್ನು ಬಳಸುತ್ತಿದ್ದರು. ಅದರ ಆವಿಯನ್ನು ವರ್ಷಗಟ್ಟಲೆ ಉಸಿರಾಡಿದ ಕೆಲಸಗಾರರಿಗೆ ಕೈಕಾಲು ನಡುಕ, ಮಾತಿನ ತೊದಲು, ಮನಸ್ಸಿನ ಅಸ್ಥಿರತೆ ಬರುತ್ತಿದ್ದವು. ಹ್ಯಾಟು ಉದ್ಯಮದ ಕೇಂದ್ರವಾಗಿದ್ದ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯಲ್ಲಿ ಈ ನಡುಕಕ್ಕೆ ಆ ಊರಿನ ಹೆಸರೇ ಅಂಟಿಕೊಂಡಿತ್ತು. ನಾವು ಇಂದು ಅಂದವೆಂದು ಮೆಚ್ಚುವ ಈ ಹ್ಯಾಟುಗಳ ಹಿಂದೆ ಅಷ್ಟು ಜನರ ನೋವಿದೆ. ಅಮೆರಿಕದಲ್ಲಿ ಈ ಬಳಕೆ ನಿಂತದ್ದು 1941ರಲ್ಲಿ. ಅದಕ್ಕಿಂತ ಹಿಂದಿನ ಹ್ಯಾಟುಗಳಲ್ಲಿ ಪಾದರಸದ ಅಂಶ ಇನ್ನೂ ಉಳಿದಿರುವುದನ್ನು ವಸ್ತುಸಂಗ್ರಹಾಲಯಗಳ ತಜ್ಞರು ಪರೀಕ್ಷೆಗಳಲ್ಲಿ ಕಂಡಿದ್ದಾರೆ. ಆದ್ದರಿಂದ ಎಂಬತ್ತು ವರ್ಷಗಳಿಗಿಂತ ಹಳೆಯದೆಂದು ತೋರುವ ಹ್ಯಾಟನ್ನು ಮುಚ್ಚಿದ ಕೋಣೆಯಲ್ಲಿ ಕೊಡವಬಾರದು, ಮರಳುಕಾಗದದಿಂದ ತಿಕ್ಕಬಾರದು, ಹಬೆಗೆ ಹಿಡಿಯಲೇಬಾರದು. ಗಾಳಿಯಾಡುವ ಜಗಲಿಯಲ್ಲಿ, ಮೂಗಿಗೆ ಮಾಸ್ಕನ್ನೂ ಕೈಗೆ ಗ್ಲೌಸನ್ನೂ ಹಾಕಿಕೊಂಡು ಮೃದುವಾಗಿ ಧೂಳು ತೆಗೆದರೆ ಅಷ್ಟು ಸಾಕು. ಮಕ್ಕಳು ಅದನ್ನು ತಲೆಗೆ ಹಾಕಿಕೊಂಡು ಆಡುವುದೂ ಬೇಡ. ಮುಂದೆ ಹೇಳುವ ಉಳಿದ ವಿಧಾನಗಳು ಅದಕ್ಕಿಂತ ಈಚಿನ ಹ್ಯಾಟುಗಳಿಗೆ ಅನ್ವಯಿಸುತ್ತವೆ.

ಕಲೆಯೆಂದು ನಾವು ಕರೆಯುವುದರಲ್ಲಿ ಅರ್ಧದಷ್ಟು ಬರಿಯ ಧೂಳಾಗಿರುತ್ತದೆ. ಅದಕ್ಕೆ ಬೇಕಾದುದು ಕುದುರೆ ಕೂದಲಿನಂಥ ಮೃದುವಾದ ಎಳೆಗಳ ಒಂದು ಬ್ರಷ್. ಫೆಲ್ಟಿನ ಮೇಲ್ಮೈಯ ರೋಮಗಳನ್ನು ತಯಾರಿಸುವಾಗಲೇ ಒಂದು ದಿಕ್ಕಿಗೆ ಮಲಗಿಸಿರುತ್ತಾರೆ. ಮೇಲಿನಿಂದ ನೋಡಿದಾಗ ಸಾಮಾನ್ಯವಾಗಿ ಗಡಿಯಾರದ ಮುಳ್ಳು ತಿರುಗುವುದಕ್ಕೆ ಎದುರಾದ ದಿಕ್ಕು ಅದು. ಆ ದಿಕ್ಕಿನಲ್ಲೇ ನಿಧಾನವಾಗಿ, ಸಣ್ಣ ಸಣ್ಣ ಎಳೆತಗಳಿಂದ ಬ್ರಷ್ ಮಾಡಬೇಕು. ಕಪ್ಪು ಹ್ಯಾಟಿಗೊಂದು, ತಿಳಿಬಣ್ಣದ ಹ್ಯಾಟಿಗೊಂದು ಬ್ರಷ್ ಬೇರೆಯಾಗಿರಲಿ. ಒಂದೇ ಬ್ರಷ್ ಬಳಸಿದರೆ ಕಪ್ಪಿನ ಎಳೆ, ಧೂಳುಗಳು ತಿಳಿಬಣ್ಣದ ಮೇಲೆ ಹೋಗಿ ಕೂರುತ್ತವೆ. ಕೆಸರು ಸಿಡಿದಿದ್ದರೆ ಅದು ಪೂರ್ತಿ ಒಣಗುವವರೆಗೆ ಮುಟ್ಟದೆ ಬಿಟ್ಟು, ಆಮೇಲೆ ಉಗುರಿನಿಂದ ಹಕ್ಕಳೆಯನ್ನು ಬಿಡಿಸಿ ಬ್ರಷ್ ಮಾಡಿದರೆ ಹೋಗುತ್ತದೆ. ತಿಳಿಬಣ್ಣದ ಹ್ಯಾಟಿನ ಮೇಲೆ ಬೆರಳ ಗುರುತು, ತೆಳುವಾದ ಮಸಿ ಇದ್ದರೆ ಹಿಂದಿನ ಹ್ಯಾಟು ಕೆಲಸಗಾರರು ಬಿಳಿ ಬ್ರೆಡ್ಡಿನ ಒಳಗಿನ ಮೆತ್ತನೆಯ ಭಾಗವನ್ನು ಉಂಡೆ ಮಾಡಿ ಒತ್ತಿ ಒತ್ತಿ ತೆಗೆಯುತ್ತಿದ್ದರು. ಈ ಹಳೆಯ ಉಪಾಯವನ್ನು ನಾನು ಇಂದಿಗೂ ಶಿಫಾರಸು ಮಾಡುತ್ತೇನೆ. ಬ್ರೆಡ್ಡಿನ ಪುಡಿ ಮಾತ್ರ ಒಂದಿಷ್ಟೂ ಉಳಿಯದಂತೆ ನೋಡಿಕೊಳ್ಳಬೇಕು; ಉಳಿದರೆ ಇರುವೆ, ಜಿರಲೆಗಳಿಗೆ ಆಹ್ವಾನ ಕೊಟ್ಟಂತೆ.

ಈಗ ಜಿಡ್ಡಿನ ಕಲೆಗೆ ಬರೋಣ. ತಲೆಗೆ ಎಣ್ಣೆ ಹಚ್ಚುವ ನಮ್ಮ ನಾಡಿನಲ್ಲಿ ಹ್ಯಾಟಿನ ದೊಡ್ಡ ಶತ್ರು ಇದೇ. ಕೊಬ್ಬರಿ ಎಣ್ಣೆ ಬೆವರಿನ ಜೊತೆ ಸೇರಿ ಒಳಗಿನ ಚರ್ಮದ ಪಟ್ಟಿಯನ್ನು ದಾಟಿ, ರಿಬ್ಬನ್ನಿನ ಅಕ್ಕಪಕ್ಕದಲ್ಲಿ ಕಪ್ಪಗಿನ ಗೆರೆಯಾಗಿ ಹೊರಗೆ ಕಾಣಿಸುತ್ತದೆ. ಹ್ಯಾಟನ್ನು ಎತ್ತಿ ಹಿಡಿಯುವ ಮುಂಭಾಗದ ಚಿವುಟಿನಲ್ಲೂ ಬೆರಳುಗಳ ಜಿಡ್ಡು ಸೇರಿರುತ್ತದೆ. ಇದಕ್ಕೆ ನೀರು ಉಪಯೋಗವಿಲ್ಲ, ಹಬೆ ಹಾನಿಕರ. ಬಿಸಿಯಾದ ಎಣ್ಣೆ ತೆಳುವಾಗಿ ಇನ್ನೂ ಒಳಕ್ಕೆ, ಇನ್ನೂ ಅಗಲಕ್ಕೆ ಹರಡುತ್ತದೆ. ಎಣ್ಣೆಯನ್ನು ಹೀರುವ ಒಣ ಪುಡಿಯೇ ಇದಕ್ಕೆ ಮದ್ದು. ಯುರೋಪಿನಲ್ಲಿ ಉಣ್ಣೆ ಬಟ್ಟೆಯ ಜಿಡ್ಡು ತೆಗೆಯಲು ಶತಮಾನಗಳ ಕಾಲ ಬಳಸಿದ ಜೇಡಿಮಣ್ಣೂ, ನಮ್ಮ ಗಂಧಿಗೆ ಅಂಗಡಿಯಲ್ಲಿ ಮುಖಕ್ಕೆಂದು ಕೊಳ್ಳುವ ಮುಲ್ತಾನಿ ಮಿಟ್ಟಿಯೂ ಒಂದೇ ಬಗೆಯವು. ಕೊಳ್ಳುವಾಗ ಅರಿಸಿನ, ಗುಲಾಬಿ, ಶ್ರೀಗಂಧ ಏನನ್ನೂ ಬೆರೆಸದ ಶುದ್ಧ ಪುಡಿಯನ್ನೇ ಕೇಳಿ ತನ್ನಿ. ಅರಿಸಿನದ ಹಳದಿ ಫೆಲ್ಟಿಗೆ ಹತ್ತಿದರೆ ಹೋಗುವುದಿಲ್ಲ. ಬಿಳಿ ಅಥವಾ ಕೆನೆಬಣ್ಣದ ಹ್ಯಾಟಿಗೆ ಮುಲ್ತಾನಿ ಮಿಟ್ಟಿಯ ಮಣ್ಣುಬಣ್ಣ ಅಂಟಬಹುದಾದ್ದರಿಂದ ಕಾರ್ನ್‌ಫ್ಲೋರ್ ಉತ್ತಮ. ಯಾವುದನ್ನೇ ಬಳಸಿದರೂ ಮೊದಲು ಚರ್ಮದ ಪಟ್ಟಿಯನ್ನು ಹೊರಕ್ಕೆ ಮಗುಚಿ, ಅದರ ಹಿಂದೆ ಮರೆಯಾಗಿರುವ ಫೆಲ್ಟಿನ ಮೇಲೆ ಒಂದು ಚಿಟಿಕೆ ಹಾಕಿ ಪರೀಕ್ಷಿಸಿರಿ. ಗುರುತು ಉಳಿಯದಿದ್ದರೆ, ಕಲೆಯ ಮೇಲೆ ಧಾರಾಳವಾಗಿ ಪುಡಿ ಉದುರಿಸಿ, ಬೆರಳ ತುದಿಯಿಂದ ಉಜ್ಜದೆ ಒತ್ತಿ, ಇಡೀ ರಾತ್ರಿ ಬಿಡಿ. ಬೆಳಿಗ್ಗೆ ಬ್ರಷ್ ಮಾಡಿ ನೋಡಿದಾಗ ಕಲೆ ಸ್ವಲ್ಪ ಮಾಸಿರುತ್ತದೆ, ಪೂರ್ತಿ ಹೋಗಿರುವುದಿಲ್ಲ. ಮತ್ತೆ ಹೊಸ ಪುಡಿ ಹಾಕಿ ಮತ್ತೆ ಬಿಡಬೇಕು. ಹಲವು ವರ್ಷಗಳಲ್ಲಿ ಒಳಗಿಳಿದ ಎಣ್ಣೆ ಒಂದೇ ರಾತ್ರಿಯಲ್ಲಿ ಮೇಲೆ ಬರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಪುಡಿಗೂ ಬಗ್ಗದ ಜಿಡ್ಡಿಗೆ ಹಿಂದಿನ ಹ್ಯಾಟು ಅಂಗಡಿಗಳವರು ವೈಟ್ ಪೆಟ್ರೋಲಿನಂಥ ದ್ರಾವಕವನ್ನು ಬಳಸುತ್ತಿದ್ದರು. ಅದು ಎಣ್ಣೆಯನ್ನು ಕರಗಿಸುತ್ತದೆ, ಆದರೆ ಅರಗನ್ನು ಕರಗಿಸುವುದಿಲ್ಲ. ಅವರ ಆಯ್ಕೆಯ ಹಿಂದೆ ಒಳ್ಳೆಯ ತಿಳಿವಳಿಕೆಯಿತ್ತು. ಆದರೂ ಅದರ ಆವಿಗೆ ಬೆಂಕಿ ಹತ್ತಲು ಒಂದು ಸ್ವಿಚ್ಚಿನ ಕಿಡಿ ಸಾಕಾದ್ದರಿಂದ ಮನೆಯಲ್ಲಿ ಇದನ್ನು ಮಾಡಿರೆಂದು ನಾನು ಹೇಳಲಾರೆ. ಸೀಮೆಎಣ್ಣೆಯಂತೂ ತನ್ನದೇ ಜಿಡ್ಡನ್ನೂ ವಾಸನೆಯನ್ನೂ ಬಿಟ್ಟು ಹೋಗುತ್ತದೆ.

ಬೆವರಿನಲ್ಲಿ ಎಣ್ಣೆಯಲ್ಲದೆ ಉಪ್ಪೂ ಇದೆ. ಕಪ್ಪು ಗೆರೆ ಜಿಡ್ಡಿನದಾದರೆ, ಅದರ ಅಂಚಿನಲ್ಲಿ ಕಾಣುವ ಬಿಳಿಯ ಗೆರೆ ಉಪ್ಪಿನದು, ಮತ್ತು ಇದಕ್ಕೆ ಮಾತ್ರ ನೀರು ಬೇಕು. ಜಿಡ್ಡನ್ನು ತೆಗೆದ ಬಳಿಕವೇ ಇದರ ಸರದಿ. ಬೋರ್‌ವೆಲ್ ನೀರಿನಲ್ಲಿರುವ ಲವಣಗಳು ಒಣಗಿದಾಗ ಹೊಸ ಗೆರೆ ಮೂಡಿಸುವುದರಿಂದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನೇ ಬಳಸಬೇಕು. ಬಣ್ಣ ಬಿಡದ ಬಿಳಿಯ ಹತ್ತಿಬಟ್ಟೆಯನ್ನು ಅದರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಗೆರೆಯ ಮೇಲೆ ಒತ್ತಬೇಕು. ಗೆರೆಯಿಂದ ಆಚೀಚೆ ಸ್ವಲ್ಪ ದೂರದವರೆಗೂ ಕಡಿಮೆ ಕಡಿಮೆ ಒದ್ದೆಯಾಗುವಂತೆ ಹಗುರವಾಗಿ ಒತ್ತುತ್ತಾ ಹೋದರೆ ಒದ್ದೆಯ ಅಂಚು ಎದ್ದು ಕಾಣದೆ ಒಣಗುತ್ತದೆ. ರಿಬ್ಬನ್ನಿಗೆ ಒದ್ದೆ ತಗಲದಂತೆ ಎಚ್ಚರವಿರಲಿ, ಹಳೆಯ ರಿಬ್ಬನ್ನುಗಳ ಬಣ್ಣ ಸುಲಭವಾಗಿ ಬಿಡುತ್ತದೆ. ಒಳಗಿನ ಚರ್ಮದ ಪಟ್ಟಿಯನ್ನೂ ಇದೇ ರೀತಿ ಹಿಂಡಿದ ಬಟ್ಟೆಯಿಂದ ಒರೆಸಿ, ಹೊರಕ್ಕೆ ಮಗುಚಿದ ಸ್ಥಿತಿಯಲ್ಲೇ ನೆರಳಿನಲ್ಲಿ ಒಣಗಿಸಬೇಕು. ಪಟ್ಟಿ ಶುದ್ಧವಾಗದೆ ಹೊರಗಿನ ಕಲೆಯನ್ನಷ್ಟೇ ತೆಗೆದರೆ ಅದು ಮುಂದಿನ ಬೇಸಿಗೆಯಲ್ಲಿ ಮರಳಿ ಬರುತ್ತದೆ.

ಮಳೆಹನಿ ಬಿದ್ದು ಒಣಗಿದ ಚುಕ್ಕೆಗಳಿಗೆ ಹಬೆಯ ನೆರವು ಪಡೆಯಬಹುದು. ಕುದಿಯುವ ಕೆಟಲಿನ ಮೂತಿಯಿಂದ ಒಂದು ಗೇಣು ದೂರದಲ್ಲಿ ಹ್ಯಾಟನ್ನು ಹಿಡಿದು, ಒಂದೆಡೆ ನಿಲ್ಲಿಸದೆ ಆಡಿಸುತ್ತಾ ಕೆಲವು ಕ್ಷಣ ಹಬೆ ತಾಗಿಸಿ, ರೋಮಗಳು ಇನ್ನೂ ಪಸೆಯಾಗಿರುವಾಗಲೇ ಬ್ರಷ್ ಮಾಡಿದರೆ ಚುಕ್ಕೆಗಳು ಸಮನಾಗುತ್ತವೆ. ಹಬೆ ಒಳಗಿನ ಚರ್ಮಕ್ಕೆ ಮಾತ್ರ ತಗಲಬಾರದು. ಬಿಸಿಗೆ ಚರ್ಮ ಸೆಟೆದು ಕುಗ್ಗಿದರೆ ಹ್ಯಾಟಿನ ಅಳತೆಯೇ ಕೆಡುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಹ್ಯಾಟು ಬಿಡಬಾರದೆನ್ನುವುದಕ್ಕೂ ಇದೇ ಕಾರಣ.

ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಬರುವ ಬೂಷ್ಟಿಗೆ ಒಣ ಗಾಳಿ ಮತ್ತು ಬೆಳಗಿನ ಎಳೆಬಿಸಿಲು ಸಾಕು. ಅರ್ಧ ಗಂಟೆ ಬಿಸಿಲು ಕಾಣಿಸಿ, ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು ಬ್ರಷ್ ಮಾಡಿರಿ. ಹೊತ್ತೇರಿದ ಮೇಲೂ ಬಿಟ್ಟರೆ ಬಣ್ಣ ಮಾಸುತ್ತದೆ. ಆಮೇಲೆ ಹ್ಯಾಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ರಟ್ಟಿನ ಪೆಟ್ಟಿಗೆಯಲ್ಲಿ, ಅಂಚು ಚಪ್ಪಟೆಯಾಗದಂತೆ ತಲೆಕೆಳಗಾಗಿ ಇಡಬೇಕು. ನುಸಿಹುಳು ಬಾರದಿರಲೆಂದು ಇಡುವ ನುಸಿಗುಳಿಗೆಗಳನ್ನು ಬಟ್ಟೆಯಲ್ಲಿ ಕಟ್ಟಿ ಫೆಲ್ಟಿಗೆ ತಾಕದಂತೆ ಮೂಲೆಯಲ್ಲಿಡಿ.

ರಕ್ತದ ಕಲೆಗೆ ತಣ್ಣೀರಲ್ಲದೆ ಬಿಸಿನೀರು ಸಲ್ಲದು. ಶಾಯಿ ಮತ್ತು ತುಕ್ಕಿನ ಕಲೆಗಳನ್ನು ಮನೆಯಲ್ಲಿ ಮುಟ್ಟದಿರುವುದೇ ಲೇಸು. ಡ್ರೈಕ್ಲೀನಿಂಗ್ ಅಂಗಡಿಗೆ ಕೊಡುವುದಾದರೆ ಹ್ಯಾಟನ್ನು ಅಚ್ಚಿನ ಮೇಲಿಟ್ಟು ಕೈಯಿಂದ ಶುಚಿ ಮಾಡುತ್ತಾರೆಯೇ ಎಂದು ಮೊದಲೇ ಕೇಳಿ ತಿಳಿಯಬೇಕು. ಬಟ್ಟೆಗಳ ಜೊತೆ ಯಂತ್ರಕ್ಕೆ ಹಾಕುವವರಾದರೆ ಹ್ಯಾಟನ್ನು ಹಿಂದಕ್ಕೆ ತರುವುದೇ ಸರಿ.

ಇಷ್ಟೆಲ್ಲ ಮಾಡಿದ ಮೇಲೂ ರಿಬ್ಬನ್ನಿನ ಮೇಲಂಚಿನಲ್ಲಿ ಬೆವರಿನ ಗೆರೆ ಮಸುಕಾಗಿ ಉಳಿದಿದ್ದರೆ, ಹ್ಯಾಟು ಕಟ್ಟುವವರು ಮಾಡುತ್ತಿದ್ದ ಒಂದು ಕೆಲಸವಿದೆ. ಹಳೆಯ ರಿಬ್ಬನ್ನಿನ ಹೊಲಿಗೆಯನ್ನು ಬಿಡಿಸಿ, ಅದೇ ಬಣ್ಣದ, ಅರ್ಧ ಅಂಗುಲ ಅಗಲ ಹೆಚ್ಚಿರುವ ಹೊಸ ರಿಬ್ಬನ್ನನ್ನು ಸುತ್ತಿ, ಗೋಂದು ಹಾಕದೆ ದಾರದಿಂದ ನಾಲ್ಕಾರು ಕಡೆ ಸಡಿಲವಾಗಿ ಹೊಲಿದರೆ ಗೆರೆ ಮರೆಯಾಗುತ್ತದೆ. ಬಿಡಿಸಿದ ರಿಬ್ಬನ್ನು ಆ ಹ್ಯಾಟಿನ ಮೂಲ ಭಾಗವಾದ್ದರಿಂದ ಅದನ್ನು ಎಸೆಯದೆ, ಬಿಳಿಯ ಕಾಗದದಲ್ಲಿ ಸುತ್ತಿ ಅದೇ ಪೆಟ್ಟಿಗೆಯಲ್ಲಿ ಇಡಿ.

ನಮಸ್ಕಾರ.